ಕದದವ್ವನ ಒಕ್ಕಲು

ದುರ್ಗಿಗುಡಿಯ ಕನ್ನಡಕದ ಅಂಗಡಿಯಲ್ಲಿ ಸುಮನಾಳದು ಕೊನೆಯ ಹಂತದ ಕೆಲಸ. ಲೆನ್ಸನ್ನು ಫ್ರೇಮಿನ ಆಕಾರಕ್ಕೆ ಅರೆದು ಕೂರಿಸಬೇಕು. ಆಮೇಲೆ ಗಿರಾಕಿಯ ಎದುರು ಕೂತು, ಕಿವಿಯ ಹಿಂದೆ ಬೆರಳಿಟ್ಟು ಕಡ್ಡಿಯ ಬಾಗು ಸರಿಮಾಡಬೇಕು. ಅಷ್ಟು ಹತ್ತಿರದಿಂದ ಅವಳು ಶಿವಮೊಗ್ಗದ ಎಷ್ಟೋ ಮುಖಗಳನ್ನು ನೋಡಿದ್ದಾಳೆ. ಅವರಲ್ಲಿ ಯಾರೂ ಅವಳನ್ನು ನೋಡಿಲ್ಲ. ಕನ್ನಡಕ ಮೂಗಿಗೇರಿದ ಕೂಡಲೇ ಎಲ್ಲರೂ ಕನ್ನಡಿಯ ಕಡೆ ತಿರುಗುತ್ತಾರೆ.

ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಅಲ್ಲಿ ತಾಯಿ ನಂಜಮ್ಮ ಸೀರೆಗೆ ಫಾಲ್ ಹೊಲಿಯುತ್ತಾರೆ. ತಂದೆ ಪುಟ್ಟಯ್ಯ ಕಾರ್ಖಾನೆಯ ಗುತ್ತಿಗೆ ಕೆಲಸ ಹೋದ ಮೇಲೆ ಒಂದು ಕಲ್ಯಾಣ ಮಂಟಪದ ಕಾವಲಿಗಿದ್ದರು. ಮದುವೆ ಇಲ್ಲದ ಒಂದು ಮಧ್ಯಾಹ್ನ ಮಂಟಪದ ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ಮಗಳಿಗೆ ಫೋನ್ ಮಾಡಿದ್ದರು. ಸುಮನಾಳ ಕೈಯಲ್ಲಿ ಯಾರದೋ ಕನ್ನಡಕ ಇತ್ತು. ಅವಳು ಕರೆಯನ್ನು ಕಟ್ ಮಾಡಿ ತಿರುಪು ಬಿಗಿ ಮಾಡಿದಳು. ಇದನ್ನು ಅವಳು ತಾಯಿಗೂ ಹೇಳಿಲ್ಲ.

ಹೇಳಿದ್ದು ಮೋನಿಕಾಗೆ ಮಾತ್ರ. ಮೋನಿಕಾ ಮೊಬೈಲ್ ಶೋರೂಮಿನ ಕೌಂಟರಿನಲ್ಲಿ ಕೆಲಸ ಮಾಡುವವಳು, ಮಲವಗೊಪ್ಪದವಳು. ಸಂಜೆ ಇಬ್ಬರಿಗೂ ಒಂದೇ ಬಸ್ಸು. ಮೊದಲು ಸೀಟು ಹಿಡಿದವಳು ಇನ್ನೊಬ್ಬಳಿಗಾಗಿ ಬ್ಯಾಗು ಇಟ್ಟುಕೊಳ್ಳುವುದು ರೂಢಿಯಾಯಿತು. ಹಾಗೆ ಪಕ್ಕಪಕ್ಕ ಕೂತು, ಎದುರಿನ ಸೀಟಿನ ಬೆನ್ನನ್ನು ನೋಡುತ್ತಾ, ಮುಖ ನೋಡಿ ಹೇಳಲಾಗದ್ದನ್ನೆಲ್ಲ ಹೇಳಿಕೊಂಡರು. ಒಂದು ಸಂಜೆ ಮೋನಿಕಾ ಕೇಳಿದಳು.

"ಭಾನುವಾರ ಏನ್ ಮಾಡ್ತೀಯ?"

"ಬಟ್ಟೆ ಒಗೀತೀನಿ."

"ನಮ್ ಜೊತೆ ಬಾ ಮಾರಾಯ್ತಿ. ಆಟ ಆಡ್ತೀವಿ. ಒಂದು ಕುರ್ಚಿ ಖಾಲಿ ಇದೆ."

ಆಟ ನಡೆಯುತ್ತಿದ್ದದ್ದು ರವೀಂದ್ರನಗರದಲ್ಲಿ, ಜ್ಞಾನೇಶನ ಮನೆಯ ಮಹಡಿಯ ಮೇಲೆ. ಜ್ಞಾನೇಶ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಅವನ ಆಟಕ್ಕೆ ಬೋರ್ಡಿಲ್ಲ, ಕಾಯಿಗಳಿಲ್ಲ. ಅವನು ಒಂದು ಲೋಕವನ್ನು ಹೇಳುತ್ತಾ ಹೋಗುತ್ತಾನೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ, ನಾನು ಬಾಗಿಲು ತಟ್ಟುತ್ತೇನೆ, ನಾನು ಕತ್ತಿ ಹಿರಿಯುತ್ತೇನೆ ಎನ್ನುತ್ತಾರೆ. ಅದು ನಡೆಯಿತೋ ಇಲ್ಲವೋ ದಾಳ ಹೇಳುತ್ತದೆ. ಔಷಧ ಕಂಪನಿಯ ರೆಪ್ ಗುರುಪ್ರಸಾದ್ ಅದರಲ್ಲಿ ಮುದಿ ಸೈನಿಕ ಗಂಡಯ್ಯ. ಮೋನಿಕಾ ಇರುಳಿ ಎಂಬ ಕಳ್ಳಿ. ಸುಮನಾ ಹೊನ್ನಿಯಾದಳು, ಊರೂರು ಅಲೆದು ಮುರಿದ ಮೂಳೆ ಕಟ್ಟುವವಳು.

ಖಾಲಿ ಕುರ್ಚಿ ಜ್ಞಾನೇಶನ ತಂಗಿ ಅಕ್ಷರಾಳದು. ಅವಳು ಒಬ್ಬ ಹುಡುಗನ ಜೊತೆ ಓಡಾಡುವುದು ಹೇಗೋ ತಾಯಿ ದಾಕ್ಷಾಯಣಮ್ಮನವರ ಕಿವಿಗೆ ಬಿದ್ದಿತ್ತು. ಪರೀಕ್ಷೆಗೂ ಕಾಯದೆ ಅವಳನ್ನು ದಾವಣಗೆರೆಯ ಕಡೆ ಮದುವೆ ಮಾಡಿಕೊಟ್ಟರು. ಗುಟ್ಟು ಒಡೆದವನು ಅಣ್ಣನೇ ಎಂದು ಅಕ್ಷರಾ ನಂಬಿದ್ದಳು. ಅಂದಿನಿಂದ ಅವಳು ಅಣ್ಣನ ಜೊತೆ ಮಾತು ಬಿಟ್ಟಿದ್ದಳು.

ಸುಮನಾಗೆ ಆಟಕ್ಕಿಂತ ಪ್ರಿಯವಾದದ್ದು ನಡುವಿನ ಬಿಡುವು. ದಾಕ್ಷಾಯಣಮ್ಮ ಖಾರ ಮಂಡಕ್ಕಿ, ಕಾಫಿ ಕಳಿಸುತ್ತಿದ್ದರು. ದಾಳ ಪಕ್ಕಕ್ಕಿಟ್ಟು ಎಲ್ಲರೂ ತಮ್ಮ ತಮ್ಮ ವಾರವನ್ನು ಹೇಳಿಕೊಳ್ಳುತ್ತಿದ್ದರು. ಯಾವ ಡಾಕ್ಟರು ಗುರುಪ್ರಸಾದನನ್ನು ಬಾಗಿಲಲ್ಲೇ ನಿಲ್ಲಿಸಿದ, ಅವನ ತಾಯಿಯ ಮಂಡಿ ನೋವು ಎಲ್ಲಿಗೆ ಬಂತು, ಜ್ಞಾನೇಶನ ಕೆಲಸ ಮುಂದಿನ ವರ್ಷ ಇರುತ್ತದೋ ಇಲ್ಲವೋ. ಆಮೇಲೆ ಯಾರಾದರೊಬ್ಬರು ಅವಳ ಕಡೆ ತಿರುಗುತ್ತಿದ್ದರು. "ನೀನ್ ಹೇಳೆ ಸುಮನಾ." ವಾರವಿಡೀ ಯಾರೂ ಆಡದ ಮಾತು ಅದು. ಅದಕ್ಕಾಗಿ ಅವಳು ಶನಿವಾರ ಸಂಜೆಯೇ ಬಟ್ಟೆ ಒಗೆದು ಮುಗಿಸತೊಡಗಿದಳು.

ಪಿತೃಪಕ್ಷ ಮುಗಿದ ಮೇಲಿನ ಭಾನುವಾರ ಅಂಥದ್ದೇ ಬಿಡುವಿನಲ್ಲಿ ಅವಳು ಮನೆಯ ಸಂಗತಿ ಹೇಳಿದಳು. ಅಪ್ಪನ ಫೋಟೋದ ಮುಂದೆ ಎಡೆ ಇಡುತ್ತೇವೆ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತೇವೆ, ದೀಪ ಹಚ್ಚಿ ಎಲ್ಲರೂ ಆಚೆ ಬಂದು ಕದ ಹಾಕುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಕೆಮ್ಮಿ ಕದ ತೆಗೆಯುತ್ತಾರೆ. ಅಷ್ಟರೊಳಗೆ ಬಂದು ಉಂಡು ಹೋಗಿರುತ್ತಾರಂತೆ.

ಜ್ಞಾನೇಶ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿದ್ದ.

"ಇದೇ ಬೇಕಾಗಿತ್ತು ನಂಗೆ," ಎಂದ. "ನನ್ ಕಥೇಲಿ ಸಾವನ್ನ ಪೂಜೆ ಮಾಡೋ ಗುಪ್ತ ಪಂಥ ಬರುತ್ತೆ. ಅದರೊಳಗೆ ಸೇರಿಸ್ಕೊಳ್ಳೋ ಶಾಸ್ತ್ರ ಹೊಳೀತಾನೇ ಇರ್ಲಿಲ್ಲ. ಕದ ಹಾಕ್ದಾಗ ಹೊರಗಡೆ ನೀವೇನ್ ಮಾಡ್ತೀರ?"

"ಏನೂ ಇಲ್ಲ. ಸುಮ್ನೆ ನಿಂತಿರ್ತೀವಿ. ಮಾತಾಡಬಾರ್ದು."

"ಮಾತಿಲ್ದೆ ಆಟ ಹೆಂಗಾಗುತ್ತೆ ಮಾರಾಯ್ತಿ?"

ತನ್ನ ಮನೆಯದೊಂದು ಸಂಗತಿ ಆ ಮೇಜಿಗೆ ಬೇಕಾಯಿತಲ್ಲ ಎಂದು ಸುಮನಾ ಹಿಗ್ಗಿದಳು. ಬಸ್ಸಿನಲ್ಲಿ ಅದನ್ನೇ ನೆನೆದು ನಗುತ್ತಿದ್ದಳು.

ಮುಂದಿನ ವಾರ ಶಾಸ್ತ್ರ ಸಿದ್ಧವಾಗಿತ್ತು. ಕಥೆಯ ಲೋಕದಲ್ಲಿ ಸಾವಿನ ದೇವತೆಯ ಹೆಸರು ಕದದವ್ವ. ಅವಳನ್ನು ಗುಟ್ಟಾಗಿ ನಂಬಿ ನಡೆಯುವವರು ಕದದವ್ವನ ಒಕ್ಕಲು. ಸತ್ತವರನ್ನು ಎಬ್ಬಿಸಿ ಮಾತಾಡಿಸುವ ಮಂತ್ರ ಅವರಿಗೆ ಮಾತ್ರ ಗೊತ್ತು. ಒಕ್ಕಲಾಗದವರಿಗೆ ಕಥೆಯಲ್ಲಿ ಮುಂದೆ ದಾರಿಯಿಲ್ಲ. ಒಕ್ಕಲಾಗಬೇಕೆಂದರೆ ಬದುಕಿರುವಾಗಲೇ ಒಮ್ಮೆ ಸತ್ತಿರಬೇಕು.

"ಇದನ್ನ ದಾಳದಲ್ಲಿ ಆಡಲ್ಲ," ಎಂದು ಜ್ಞಾನೇಶ ವಿವರಿಸಿದ. "ನಿಜವಾಗ್ಲೂ ಮಾಡ್ತೀವಿ. ಈ ಹಾಲ್ ಪಕ್ಕದ ಚಿಕ್ಕ ರೂಮಲ್ಲಿ. ನಿಮ್ ಫೋಟೋ ನೀವೇ ತನ್ನಿ, ನಿಮಗಿಷ್ಟವಾದ ಊಟ ನೀವೇ ತನ್ನಿ. ಎಡೆ ಮುಂದೆ ನೀವು ಕೂರ್ತೀರ, ನಾವು ಕದ ಹಾಕ್ತೀವಿ. ಸತ್ತವರ ಬಗ್ಗೆ ಹೊರಗಿನವರು ಒಬ್ಬೊಬ್ಬರೇ ಮಾತಾಡ್ತಾರೆ. ನಿಜವನ್ನೇ ಹೇಳ್ಬೇಕು. ಎಲ್ಲರೂ ಮಾತಾಡೋ ತನಕ ಕದ ತೆಗೆಯೋ ಹಾಗಿಲ್ಲ. ಒಳಗಿನವರು ಒಂದು ಸದ್ದು ಮಾಡಿದ್ರೂ ಇನ್ನೂ ಬದುಕಿದಾರೆ ಅಂತ ಅರ್ಥ. ಅವ್ವ ಒಲ್ಲೆ ಅಂತಾಳೆ."

"ಒಲ್ಲೆ ಅಂದ್ರೆ?" ಮೋನಿಕಾ ಕೇಳಿದಳು.

"ಪಾತ್ರ ಮುಗೀತು. ಕುರ್ಚಿ ಖಾಲಿ."

ಅವನು ಅದನ್ನು ನಗದೆ ಹೇಳಿದ. ತಂಗಿ ಹೋದಂದಿನಿಂದ ಅವನು ಆಟದ ನಿಯಮಗಳಲ್ಲಿ ಬಹಳ ಬಿಗಿಯಾಗಿದ್ದ.

ಮೊದಲು ಗುರುಪ್ರಸಾದ್ ಒಕ್ಕಲಾದ. ತನ್ನ ಎಡೆಗೆ ಅವನು ಬಿರಿಯಾನಿ ತಂದಿದ್ದ. ಕೆಳಗಿನ ಮನೆಯಲ್ಲಿ ವಾಸನೆ ಗೊತ್ತಾಗದಿರಲೆಂದು ಕಿಟಕಿ ತೆರೆದಿಟ್ಟು ಊದುಬತ್ತಿ ಹಚ್ಚಬೇಕಾಯಿತು. ಹೊರಗಿನಿಂದ ಅವನ ಹೊಟ್ಟೆಯನ್ನು, ಅವನು ಡಾಕ್ಟರುಗಳಿಗೆ ಹೊಡೆಯುವ ಸಲಾಮನ್ನು ಆಡಿಕೊಂಡು ಎಲ್ಲರೂ ನಕ್ಕರು. ಸುಮನಾ ಹೇಳಿದ್ದು ಇಷ್ಟೇ: "ಇವರು ನಗಿಸ್ತಾರೆ, ಆದ್ರೆ ಇವರು ನಕ್ಕಿದ್ದು ನಾನು ನೋಡಿಲ್ಲ." ಕದ ತೆಗೆದಾಗ ಅವನು ಗೋಡೆಗೊರಗಿ ಗೊರಕೆ ಹೊಡೆಯುವಂತೆ ನಟಿಸುತ್ತಿದ್ದ. ಆದರೆ ಸುಮನಾಳನ್ನು ನೋಡಿದವನು ತಟ್ಟನೆ ಎಲೆಯ ಕಡೆ ತಿರುಗಿ ಬಿರಿಯಾನಿ ಬಡಿಸತೊಡಗಿದ.

ಎರಡನೆಯವಳು ಸುಮನಾ. ಹಿಂದಿನ ದಿನ ತಾಯಿಗೆ, ಅಂಗಡಿಯವರೊಬ್ಬರ ಹುಟ್ಟುಹಬ್ಬ ಇದೆ, ಒತ್ತು ಶ್ಯಾವಿಗೆ ಕೇಳಿದ್ದಾರೆ ಎಂದಳು. ನಂಜಮ್ಮ ಬೆಳಗ್ಗೆ ಎದ್ದು ಅಕ್ಕಿ ಹಿಟ್ಟು ಬೇಯಿಸಿ, ಶ್ಯಾವಿಗೆ ಒರಳಿನ ಮೇಲೆ ಮೈಭಾರ ಹಾಕಿ ಒತ್ತಿದರು. ಕಾಯಿಹಾಲಿಗೆ ಏಲಕ್ಕಿ ಹಾಕಿ ಡಬ್ಬಿ ತುಂಬಿದರು.

"ನೂರು ವರ್ಷ ಬಾಳ್ಲಿ ಅಂದೆ ಅಂತ ಹೇಳು," ಎಂದರು.

"ಹೂಂ," ಎಂದು ಸುಮನಾ ಡಬ್ಬಿಯನ್ನು ಬ್ಯಾಗಿಗಿಟ್ಟಳು. ಬ್ಯಾಗಿನ ತಳದಲ್ಲಿ ಅವಳ ಫೋಟೋ ಇತ್ತು, ಕಾಲೇಜು ಮುಗಿದ ವರ್ಷ ಸ್ಟುಡಿಯೋದಲ್ಲಿ ತೆಗೆಸಿದ್ದು.

ಚಿಕ್ಕ ಕೋಣೆಯಲ್ಲಿ ಹಳೆಯ ಹಾಸಿಗೆಗಳನ್ನು ಸುತ್ತಿಟ್ಟಿದ್ದರು. ನೆಲದ ಮೇಲೆ ಬಾಳೆಲೆ, ಅದರಾಚೆ ಗೋಡೆಗೆ ಒರಗಿಸಿದ ಅವಳದೇ ಮುಖ, ಪಕ್ಕದಲ್ಲಿ ದೀಪ. ಹೊರಗಿನಿಂದ ಕದ ಮುಚ್ಚಿತು. ಶ್ಯಾವಿಗೆಯ ಬಿಳಿ ಎಳೆಗಳ ಮೇಲೆ ದೀಪದ ಹಳದಿ ಅಲುಗುತ್ತಿತ್ತು. ಅವಳು ಕಾಲು ಮಡಚಿ, ಸೆರಗಿನಂತೆ ದುಪಟ್ಟಾ ಹೊದ್ದು ಕೂತಳು. ಭಯವಿರಲಿಲ್ಲ. ಅವರು ತನ್ನ ಬಗ್ಗೆ ಏನು ಹೇಳಿಯಾರು ಎಂಬ ಆಸೆಯೇ ಹೆಚ್ಚಿತ್ತು.

ಮೊದಲು ಗುರುಪ್ರಸಾದನ ದನಿ ಕೇಳಿತು.

"ಸುಮನಾ ಇದ್ಲು ಪಾಪ. ಬರುವಾಗೆಲ್ಲ ಕೋಡುಬಳೆ ತರ್ತಿದ್ಲು. ಬರಿಗೈಲಿ ಬಂದ್ರೆ ಒಳಗೆ ಬಿಡಲ್ಲ ಅಂದ್ಕೊಂಡಿದ್ಲೇನೋ."

ಯಾರೋ ಕಿಸಕ್ಕನೆ ನಕ್ಕರು. ಜ್ಞಾನೇಶ ತನ್ನ ಕಥೆ ಹೇಳುವ ದನಿಯಲ್ಲಿ ಶುರು ಮಾಡಿದ. ಆ ದನಿಯನ್ನು ಅವಳು ಎಷ್ಟೋ ಭಾನುವಾರ ಬಾಯ್ತೆರೆದು ಕೇಳಿದ್ದಳು.

"ಅಕ್ಷರಾ ಕುರ್ಚೀಲಿ ಕೂರ್ತಿದ್ಲು ಅವಳು. ಒಂದು ವರ್ಷ ಕೂತ್ಲು. ಆ ಕುರ್ಚಿ ಒಂದು ದಿನಾನೂ ತುಂಬಿದೆ ಅಂತ ನಂಗೆ ಅನ್ನಿಸ್ಲಿಲ್ಲ. ಆಟಕ್ಕೆ ನಾಲ್ಕು ಜನ ಬೇಕಿತ್ತು, ಅಷ್ಟೇ."

ಸುಮನಾ ಎದುರಿನ ಫೋಟೋ ನೋಡಿದಳು. ಫೋಟೋದವಳು ನಗುತ್ತಿದ್ದಳು. ಆಮೇಲೆ ಮೋನಿಕಾ ಬಂದು ಕದಕ್ಕೆ ಬಾಯಿ ಹಚ್ಚಿ, ಗಂಡುದನಿ ತಂದುಕೊಂಡು ಮೆಲ್ಲಗೆ ಹೇಳಿದಳು.

"ಪುಟ್ಟೀ, ಅಪ್ಪ ಕಣೆ. ಮೆಟ್ಲ ಮೇಲೆ ಕೂತಿದೀನಿ. ಎದೆ ಯಾಕೋ ಹಿಂಡ್ತಾ ಇದೆ. ಫೋನ್ ಎತ್ತಮ್ಮ. ಯಾಕ್ ಕಟ್ ಮಾಡ್ದೆ ಮಗಾ?"

ಗುರುಪ್ರಸಾದ್ "ಏ, ಏನೇ ಇದು" ಎಂದಿದ್ದು ಕೇಳಿತು. ಜ್ಞಾನೇಶ "ಶ್" ಎಂದ.

ಸುಮನಾ ದುಪಟ್ಟಾದ ಅಂಚನ್ನು ಬಾಯಿಗೆ ತುರುಕಿಕೊಂಡಳು. ಗಂಟಲಿನಿಂದ ಎದ್ದು ಬಂದದ್ದು ಬಟ್ಟೆಯಲ್ಲಿ ಇಂಗಿತು. ಒಂದು ಸದ್ದು ಹೊರಟರೆ ಮುಂದಿನ ಭಾನುವಾರ ಇಲ್ಲ. ಅವಳು ಉಸಿರನ್ನು ಮೂಗಿನಲ್ಲಿ ಎಳೆ ಎಳೆಯಾಗಿ ಬಿಟ್ಟಳು. ತಾಯಿ ಒತ್ತಿದ ಶ್ಯಾವಿಗೆ ಎಲೆಯ ಮೇಲೆ ಬಿರುಸಾಗುತ್ತಾ ಬಂತು.

ಜ್ಞಾನೇಶ ಕೆಮ್ಮಿ ಕದ ತೆಗೆದ. ಅವನ ಕಣ್ಣು ಹೊಳೆಯುತ್ತಿತ್ತು.

"ನನ್ ಮೈ ಜುಂ ಅಂತು. ಇದು ಒಕ್ಕಲಾಗೋದು ಅಂದ್ರೆ."

ಮೋನಿಕಾ ಓಡಿ ಬಂದು ತಬ್ಬಿಕೊಂಡಳು. "ಬೇಜಾರಾಯ್ತೇನೆ? ಆಟ ಅಲ್ವಾ. ನೀನ್ ತಡ್ಕೋತೀಯ ಅಂತ ನಂಗ್ ಗೊತ್ತಿತ್ತು."

"ಬೇಜಾರೇನಿಲ್ಲ," ಎಂದಳು ಸುಮನಾ. ಶ್ಯಾವಿಗೆಗೆ ಕಾಯಿಹಾಲು ಸುರಿದು ಎಲ್ಲರಿಗೂ ಕೊಟ್ಟಳು. ಎಲ್ಲರೂ ತಿಂದರು. ಮೋನಿಕಾ ಎರಡು ಸಲ ಹಾಕಿಸಿಕೊಂಡಳು.

ಮನೆಗೆ ಹೋದಾಗ ನಂಜಮ್ಮ ಕೇಳಿದರು, "ಹುಟ್ಟುಹಬ್ಬದೋರು ಏನಂದ್ರು?"

"ಚೆನ್ನಾಗಿತ್ತು ಅಂದ್ರು."

ಉಳಿದವಳು ಮೋನಿಕಾ. ನಡುವೆ ದೀಪಾವಳಿ ಬಂತು, ಜ್ಞಾನೇಶನ ಕಾಲೇಜಿನಲ್ಲಿ ಪರೀಕ್ಷೆ ಬಂತು. ಅವಳ ಸರದಿ ಮುಂದೆ ಹೋಗುತ್ತಲೇ ಇತ್ತು. ಬಸ್ಸಿನಲ್ಲಿ ಸುಮನಾ ಮೊದಲಿನಂತೆಯೇ ಅವಳಿಗಾಗಿ ಸೀಟಿನ ಮೇಲೆ ಬ್ಯಾಗು ಇಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅಪ್ಪನ ಮಾತು ಎತ್ತಲಿಲ್ಲ. ಬೈದಿದ್ದರೆ, ಒಂದು ವಾರ ಮಾತು ಬಿಟ್ಟಿದ್ದರೆ, ಮೋನಿಕಾ ತಪ್ಪಾಯಿತು ಎಂದು ಅತ್ತು ಹಗುರಾಗುತ್ತಿದ್ದಳೋ ಏನೋ. ಸುಮನಾ ಅದಕ್ಕೆ ಎಡೆ ಕೊಡಲಿಲ್ಲ.

ಯಾಕೆಂದರೆ ಮೋನಿಕಾ ಇದೇ ಬಸ್ಸಿನಲ್ಲಿ ಹೇಳಿಕೊಂಡ ಒಂದು ಗುಟ್ಟು ಅವಳ ಹತ್ತಿರವೂ ಇತ್ತು. ಅಕ್ಷರಾಳ ವಿಷಯ ದಾಕ್ಷಾಯಣಮ್ಮನವರ ಕಿವಿಗೆ ಹಾಕಿದವಳು ಮೋನಿಕಾ. ಕಾಫಿ ಲೋಟ ಕೊಡಲು ಕೆಳಗೆ ಹೋದಾಗ ಅವರು ಸುಮ್ಮನೆ ಕೇಳಿದ್ದರು, ಇವಳು ಸುಮ್ಮನೆ ಹೇಳಿಬಿಟ್ಟಿದ್ದಳು. ಆ ಮಹಡಿಯ ಮೇಲೆ ಬೇರೆ ಯಾರಿಗೂ ಅದು ತಿಳಿದಿರಲಿಲ್ಲ.

ಸರದಿಯ ಹಿಂದಿನ ದಿನ, ಬಸ್ಸು ಮಲವಗೊಪ್ಪಕ್ಕೆ ಹತ್ತಿರವಾದಾಗ ಮೋನಿಕಾ ಎದ್ದು ನಿಂತು, ಮತ್ತೆ ಕೂತಳು.

"ನಾಳೆ ನೀನು ಅದನ್ನ ಹೇಳಲ್ಲ ಅಲ್ವಾ?"

"ಯಾವುದನ್ನ?"

"ಗೊತ್ತಿದ್ದೂ ಕೇಳ್ತೀಯಲ್ಲೇ."

"ನಿನ್ ಸ್ಟಾಪ್ ಬಂತು," ಎಂದಳು ಸುಮನಾ.

ಮೋನಿಕಾ ತನ್ನ ಎಡೆಗೆ ಬೇಕರಿಯ ಬೆಣ್ಣೆ ಬಿಸ್ಕತ್ತು, ಒಂದು ಡಬ್ಬಿ ಚಿತ್ರಾನ್ನ ತಂದಿದ್ದಳು. ಒಳಗೆ ಹೋಗುವಾಗ ಸುಮನಾಳನ್ನು ನೋಡಿದಳು. ಸುಮನಾ ದೀಪದ ಬತ್ತಿ ಸರಿಮಾಡಿ, ಎದ್ದು ಬಂದು ತಾನೇ ಕದ ಹಾಕಿದಳು.

ಗುರುಪ್ರಸಾದ್ ಈ ಸಲ ಚುಟುಕಾಗಿ ಮುಗಿಸಿದ. ಸುಮನಾಳ ಸರದಿಯಲ್ಲಿ ನಡೆದದ್ದು ಅವನಿಗೆ ಹಿಡಿಸಿರಲಿಲ್ಲ. "ಮೋನಿಕಾ ಮಾತು ಜಾಸ್ತಿ, ಮನಸ್ಸು ಕೆಟ್ಟದಲ್ಲ," ಎಂದ. ಜ್ಞಾನೇಶ ಅವಳ ಹಗುರ ಬಾಯಿಯ ಬಗ್ಗೆ, ಎಲ್ಲರಿಗೂ ಬೇಕಾದವಳಾಗುವ ಆಸೆಯ ಬಗ್ಗೆ ಎರಡು ಮಾತು ಹೇಳಿ ಸುಮನಾಳ ಕಡೆ ಕೈ ತೋರಿಸಿದ.

ಸುಮನಾ ಕದದ ಎದುರು ನಿಂತಳು. ಏನೂ ಹೇಳಲಿಲ್ಲ.

ಅವಳ ಮನೆಯಲ್ಲಿ ಕದದ ಎದುರು ನಿಲ್ಲುವುದೇ ಹಾಗೆ, ಕೈ ಕಟ್ಟಿ, ತಲೆ ಸ್ವಲ್ಪ ಬಗ್ಗಿಸಿ. ಫ್ಯಾನು ತಿರುಗುತ್ತಿತ್ತು. ಬೀದಿಯಲ್ಲಿ ಒಂದು ಸ್ಕೂಟರು ಶುರುವಾಗಲಾರದೆ ಒದೆಸಿಕೊಳ್ಳುತ್ತಿತ್ತು. ಗುರುಪ್ರಸಾದ್ ಅವಳ ಮುಖ ನೋಡಿ ಹುಬ್ಬೇರಿಸಿದ. ಅವಳು ತುಟಿಗೆ ಬೆರಳಿಟ್ಟಳು. ಜ್ಞಾನೇಶ ಅಡ್ಡಿ ಮಾಡಲಿಲ್ಲ. ಇದೇನೋ ಹೊಸದು ಎಂಬಂತೆ ಕುತೂಹಲದಿಂದ ಕುರ್ಚಿ ಎಳೆದು ಕೂತ. ಎಲ್ಲರೂ ಮಾತಾಡುವ ತನಕ ಕದ ತೆಗೆಯುವ ಹಾಗಿರಲಿಲ್ಲ.

ಒಳಗೆ ಮೋನಿಕಾ ಉಗುಳು ನುಂಗುವುದು, ಕೂತಲ್ಲೇ ಹೊರಳುವುದು ಕೇಳಿಸದಿದ್ದರೂ ಸುಮನಾಗೆ ಕಾಣುತ್ತಿತ್ತು. ಆ ಕೋಣೆಯಲ್ಲಿ ಎಲೆಯ ಮುಂದೆ ಕೂತವರಿಗೆ ಕಾಲ ಹೇಗೆ ಸರಿಯುತ್ತದೆಂದು ಅವಳಿಗೆ ಗೊತ್ತು. ಆಡಿದ ಮಾತಾದರೆ ಬಟ್ಟೆ ಕಚ್ಚಿ ತಡೆದುಕೊಳ್ಳಬಹುದು. ಆಡದ ಮಾತಿಗೆ ಏನನ್ನು ಕಚ್ಚುವುದು?

ದಾಕ್ಷಾಯಣಮ್ಮ ಕಾಫಿಯ ತಟ್ಟೆ ಹಿಡಿದು ಮೇಲೆ ಬಂದರು. "ಏನಿದು, ಇಷ್ಟು ತಣ್ಣಗಿದೀರ ಇವತ್ತು?"

ಅವರ ದನಿ ಒಳಗೆ ಕೇಳಿರಬೇಕು. ಸುಮನಾ ಅವರನ್ನು ಕರೆಸಿದ್ದಾಳೆ, ಈಗ ಅವರ ಎದುರೇ ಹೇಳುತ್ತಾಳೆ ಎಂದು ಮೋನಿಕಾ ತಿಳಿದುಕೊಂಡಳು. ಕದಕ್ಕೆ ಎರಡೂ ಕೈ ಬಡಿಯಿತು.

"ಹೇಳ್ಬಿಡೇ! ಯಾಕ್ ಹಿಂಗ್ ಸಾಯಿಸ್ತೀಯ? ನಾನೇ ಹೇಳ್ತೀನಿ ಬಿಡು. ಜ್ಞಾನೇಶ್, ಅಕ್ಷರಾ ವಿಷ್ಯ ಅಮ್ಮಂಗೆ ಹೇಳಿದ್ದು ನಾನೇ. ಬೇಕಂತ ಅಲ್ಲ. ಅವರ್ ಕೇಳಿದ್ರು, ನಾನ್ ಹೇಳ್ದೆ. ಹಿಂಗಾಗುತ್ತೆ ಅಂತ ನಂಗ್ ಗೊತ್ತಿರ್ಲಿಲ್ಲ."

ದಾಕ್ಷಾಯಣಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು, ಒಂದು ಲೋಟ ನೆಟ್ಟಗೆ ಮಾಡಿದರು.

"ಹೌದು, ಅವಳೇ ಹೇಳಿದ್ದು," ಎಂದರು. "ಒಳ್ಳೇದೇ ಆಯ್ತಲ್ಲ. ಒಳ್ಳೆ ಮನೆ ಸಿಕ್ತು." ಮತ್ತೆ ಕೆಳಗೆ ಇಳಿದು ಹೋದರು.

ಯಾರೂ ಕದ ತೆಗೆಯಲಿಲ್ಲ. ಮೋನಿಕಾ ತಾನೇ ಎಳೆದುಕೊಂಡು ಹೊರಗೆ ಬಂದಳು. ಕಾಡಿಗೆ ಕೆನ್ನೆಗಿಳಿದಿತ್ತು. ಜ್ಞಾನೇಶ ಅವಳನ್ನು ನೋಡದೆ, ಕಥೆ ಹೇಳುವ ದನಿಯಲ್ಲಿ ಹೇಳಿದ:

"ಇರುಳಿಯನ್ನು ಅವ್ವ ಒಲ್ಲೆ ಅಂದಳು. ಇರುಳಿ ಹೊಸ್ತಿಲಲ್ಲೇ ಸತ್ತಳು."

"ಜ್ಞಾನೇಶ್..."

"ಸತ್ತವರು ಮಾತಾಡಲ್ಲ."

ಅವಳು ಚಪ್ಪಲಿ ಮೆಟ್ಟಿ ಇಳಿದು ಹೋದಳು. ಗುರುಪ್ರಸಾದ್ ಕಿಟಕಿಯಿಂದ ಬೀದಿ ನೋಡುತ್ತಾ, "ಆಟೋ ಸ್ಟ್ಯಾಂಡ್ ತನಕ ಬಿಟ್ಟು ಬರ್ತೀನಿ," ಎಂದು ಬೈಕಿನ ಕೀಲಿ ತೆಗೆದುಕೊಂಡ. ಅವನು ವಾಪಸು ಬಂದಾಗ ಸುಮನಾ ಎಲೆ ಮಡಚಿ, ನೆಲ ಒರೆಸಿದ್ದಳು. ಮೋನಿಕಾಳ ಫೋಟೋ ಗೋಡೆಗೆ ಒರಗಿಕೊಂಡೇ ಇತ್ತು.

"ನೀನು ಮಾತಾಡ್ಬೇಕಿತ್ತು," ಎಂದ ಜ್ಞಾನೇಶ. "ಅದು ನಿಯಮ."

"ಏನ್ ಹೇಳೋದು ಅಂತ ಯೋಚನೆ ಮಾಡ್ತಿದ್ದೆ."

"ಅವಳು ಮಾಡಿದ್ದು ನಿಂಗ್ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಬಹಳ ಹೊತ್ತು ಅವಳನ್ನು ನೋಡಿದ. ಒಂದು ವರ್ಷದಲ್ಲಿ ಅವನು ಅವಳನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಆ ವಾರ ಅವನು ತಂಗಿಗೆ ಫೋನ್ ಮಾಡಿದ, ಅಕ್ಷರಾ ಎತ್ತಲಿಲ್ಲ. ಭಾನುವಾರ ಬಂದಾಗ ಕಥೆಯಲ್ಲಿ ಹೊನ್ನಿಗೆ ಹೊಸ ಪದವಿ ಸಿಕ್ಕಿತ್ತು. ಕದದವ್ವನ ಪೂಜಾರಿಣಿ. ಇನ್ನು ಮುಂದೆ ಯಾರು ಒಕ್ಕಲಾಗಬೇಕಾದರೂ ಕದ ಹಾಕುವವಳು ಅವಳೇ, ಕೊನೆಯ ಮಾತು ಅವಳದೇ. ಮಾತಾಡುವುದೂ ಬಿಡುವುದೂ ಅವಳ ಇಷ್ಟ.

ಸುಮನಾ ಈಗ ಬಸ್ಸಿನಲ್ಲಿ ಒಂಟಿಯಾಗಿ ಕೂರುತ್ತಾಳೆ. ಮೋನಿಕಾ ಶೋರೂಮಿನ ಪಾಳಿ ಬದಲಿಸಿಕೊಂಡಳೆಂದು ಯಾರೋ ಹೇಳಿದರು. ಇರುಳಿಯ ಕುರ್ಚಿಗೆ ಚೈತನ್ಯಾ ಬಂದಿದ್ದಾಳೆ, ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿ. ಸುಮನಾ ಮೇಜಿಗೆ ಬಂದರೆ ಎಲ್ಲರೂ ಕುರ್ಚಿ ಸರಿಸಿ ಜಾಗ ಕೊಡುತ್ತಾರೆ. ಅವಳು ಹೊನ್ನಿಯಾಗಿ ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಕಳೆದ ಭಾನುವಾರ ಬಿಡುವಿನಲ್ಲಿ ಅವಳು ಕೆಳಗಿನಿಂದ ಮಂಡಕ್ಕಿಯ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಗುರುಪ್ರಸಾದನ ದನಿ ಕೇಳಿತು. ಎಂದಿನ ತಮಾಷೆಯ ದನಿಯಾಗಿರಲಿಲ್ಲ ಅದು.

"ಅಮ್ಮಂಗೆ ಮೊನ್ನೆ ಸ್ಕ್ಯಾನ್ ಮಾಡ್ಸಿದ್ವಿ. ದಿನಾ ಡಾಕ್ಟ್ರುಗಳ ಮುಂದೆ ನಿಲ್ಲೋನು ನಾನು. ರಿಪೋರ್ಟ್ ನೋಡಿದ್ಮೇಲೆ ಒಂದು ಮಾತು ಕೇಳೋಕೂ ಬಾಯಿ ಬರ್ಲಿಲ್ಲ ಕಣಮ್ಮ..."

ಸುಮನಾ ಬಾಗಿಲಿಗೆ ಬಂದಳು. ಗುರುಪ್ರಸಾದ್ ತಲೆಯೆತ್ತಿ ನೋಡಿದ. ಚೈತನ್ಯಾ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು. ಜ್ಞಾನೇಶ ಎದ್ದು ಫ್ಯಾನಿನ ವೇಗ ಕಡಿಮೆ ಮಾಡಿದ.

ಅವಳು ತಟ್ಟೆಯನ್ನು ನಡುವೆ ಇಟ್ಟು ಕೂತಳು.

"ಏನಂದ್ರು ಡಾಕ್ಟ್ರು?" ಎಂದು ಕೇಳಿದಳು.

"ಏನಿಲ್ಲ, ಎಲ್ಲಾ ನಾರ್ಮಲ್," ಎಂದ ಗುರುಪ್ರಸಾದ್. ಯಾರ ಸರದಿಯೂ ಅಲ್ಲದಿದ್ದರೂ ದಾಳವನ್ನು ಕೈಗೆತ್ತಿಕೊಂಡು ಮೇಜಿನ ಮೇಲೆ ಉರುಳಿಸಿದ. ಎಲ್ಲರೂ ಅದು ನಿಲ್ಲುವುದನ್ನೇ ನೋಡುತ್ತಾ ಕೂತರು.